ಹಳೆಯ ಅಂಗಿಯ ಅಳತೆ

ನಮ್ಮಕ್ಕ ಹೊಲಿಗೆಯವಳು. ಟೇಪನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂರುವಳು. ಮೈಗೊಮ್ಮೆ ಟೇಪು ಸುತ್ತಿದರೆ ಸಾಕು, ಯಾರು ಊಟ ಬಿಟ್ಟಿದ್ದಾರೆ ಎಂದು ಹೇಳಿಬಿಡುವಳು. ಪಕ್ಕದ ಮನೆಯ ಸೊಸೆ ಬಸುರಿ ಎಂಬುದು ಅವಳ ಅತ್ತೆಗಿಂತ ಮೊದಲು ನಮ್ಮಕ್ಕನಿಗೆ ಗೊತ್ತಾಗಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವಳ ಜೊತೆಗಿದ್ದು ಗುಂಡಿ ಹಚ್ಚುತ್ತಿದ್ದೆ. ಕಂಡದ್ದನ್ನು ಬರೆದಿದ್ದೇನೆ.

ಅವಳ ಒಬ್ಬಳೇ ಮಗಳು ಮೆಚ್ಚಿ ಮದುವೆಯಾದವನು ಆಸ್ಪತ್ರೆಯ ಹೆಣದ ಗಾಡಿ ಓಡಿಸುತ್ತಿದ್ದ. ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಹೆಣ ಹೋದರೆ ಅಮ್ಮ ನಮ್ಮ ಲಂಗ ಹಿಡಿದು ಒಳಗೆಳೆದು ಕಿಟಕಿ ಮುಚ್ಚುತ್ತಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಹೋದ ಮೇಲೂ ಅಕ್ಕ ಕಿಟಕಿ ಮುಚ್ಚುವುದನ್ನು ಬಿಡಲಿಲ್ಲ. ಅಳಿಯ ಬಂದರೆ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುವಳು. ಕೈಗೆ ಕೊಟ್ಟವಳಲ್ಲ.

ಮದುವೆಯ ಹೊಸತರಲ್ಲಿ ಅವನು ಎರಡೂ ಕೈ ಚಾಚಿ ನಿಂತು, "ಅತ್ತೆ, ನಿಮ್ಮ ಕೈಯಿಂದ ನಂಗೊಂದು ಅಂಗಿ ಆಗ್ಬೇಕು" ಎಂದ.

"ಅಳತೆಗೆ ಒಂದು ಹಳೇ ಅಂಗಿ ಕಳಿಸಿ, ಸಾಕು."

"ಯಾಕತ್ತೆ? ನನ್ನ ಗಾಡೀಲಿ ಹೋದೋರು ಯಾರೂ ಇದುವರೆಗೆ ದೂರು ಹೇಳಿಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಟೇಪನ್ನು ಕೊರಳಿಂದ ತೆಗೆದು ಡ್ರಾಯರಿಗೆ ಹಾಕಿದಳು.

ಹಳೆಯ ಅಂಗಿ ಬಂತು. ಅದನ್ನೇ ಇಟ್ಟುಕೊಂಡು ವರ್ಷಕ್ಕೊಂದು ಹೊಲಿದಳು. ಮೊದಲನೆಯದನ್ನು ಮೂಗು ಮುರಿಯುತ್ತಲೇ ಹೊಲಿದಳು. ಬರಬರುತ್ತ ಅವನ ಅಂಗಿಗೆಂದು ಒಳ್ಳೆಯ ಗುಂಡಿ ಎತ್ತಿಡತೊಡಗಿದಳು. "ಸ್ಟೀರಿಂಗ್ ತಿರುಗಿಸೋ ಕೈ ಕಣೇ, ಕಂಕುಳಲ್ಲಿ ಹಿಡೀಬಾರದು" ಎಂದು ತೋಳು ಸಡಿಲ ಬಿಟ್ಟಳು. ಅವನನ್ನು ಯಾರಾದರೂ ಹಗುರವಾಗಿ ಆಡಿದರೆ, "ನಾಳೆ ನಿಮ್ಮನ್ನ ಒಯ್ಯೋರೂ ಅವರೇ, ನಾಲಿಗೆ ಬಿಗಿ ಹಿಡೀರಿ" ಎನ್ನುವಳು. ಕೈ ಹೋದಲ್ಲಿಗೆ ಮನಸ್ಸೂ ಹೋಗಿತ್ತು. ಆದರೆ ಅವನು ಎದುರಿಗೆ ನಿಂತರೆ ಟೇಪು ಮಾತ್ರ ಮೇಲೇಳದು.

"ಈ ಸಲ ಮೈ ಅಳತೆ ತಗೊಳ್ಳೇ" ಎಂದೆ.

"ಇಷ್ಟು ವರ್ಷ ಇಲ್ಲದ್ದು ಈಗ ಹೇಗೇ? ಏನಂದ್ಕೊಳ್ತಾರೋ! ಮುಂದಿನ ಸಲ ನೋಡೋಣ."

ಅವನು ಬರುತ್ತಿದ್ದುದು ಕೆಲಸದ ದಪ್ಪ ಕೋಟು ತೊಟ್ಟು. ಮುಖ ಇಳಿದಿತ್ತು. ಕೇಳಿದರೆ, "ನಿದ್ದೆಗೆಟ್ಟ ಕೆಲಸ ಅತ್ತೆ" ಎನ್ನುವನು. ಮಗಳೂ ಅದನ್ನೇ ನಂಬಿದ್ದಳು.

ಕೊನೆಗೊಂದು ಬೆಳಿಗ್ಗೆ ಅಕ್ಕ ತಾನಾಗಿಯೇ, "ಕೋಟು ತೆಗೀರಿ, ಹೊಸ ಅಂಗಿ ಹಾಕಿ ನೋಡೋಣ" ಎಂದಳು. ಅಂಗಿ ಗೂಟಕ್ಕೆ ನೇತುಹಾಕಿದಂತೆ ಜೋತಾಡಿತು. ಅಕ್ಕ ಅವನ ಎದೆಗೆ ಟೇಪು ಸುತ್ತಿದಳು.

"ಯಾವತ್ತಿಂದ ಹೀಗಿದ್ದೀಯಪ್ಪಾ?" ಮೊದಲ ಸಲ ಅವಳ ಬಾಯಿಂದ 'ನೀವು' ಬಿಟ್ಟುಹೋಯಿತು.

"ಎರಡು ಅಂಗಿ ಹಿಂದಿಂದ ಅತ್ತೆ."

ಹೊಟ್ಟೆಯಲ್ಲಿ ಗಡ್ಡೆ, ಮೊದಲೇ ಬಂದಿದ್ದರೆ ತೆಗೆಯಬಹುದಿತ್ತು ಎಂದರು ಡಾಕ್ಟರು.

ಅವನು ಹೋದ ದಿನ ಅಕ್ಕ ಆ ಅಂಗಿಯ ಹೊಲಿಗೆ ಬಿಚ್ಚಿ, ಕೊನೆಯ ಅಳತೆಗೆ ಹೊಲಿದು, ತಾನೇ ತೊಡಿಸಿದಳು. ಅವನ ಗಾಡಿಯಲ್ಲೇ ಅವನನ್ನು ತಂದರು, ಜೊತೆಗಾರ ಓಡಿಸಿದ. ಅಕ್ಕ ಪಕ್ಕದಲ್ಲೇ ಕೂತು ಬಂದಳು. ನಮ್ಮ ಬೀದಿಯಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಅವಳು ಅತ್ತ ನೋಡಲಿಲ್ಲ. ಅವನ ತೋಳು ಸವರುತ್ತ, "ಕಂಕುಳಲ್ಲಿ ಹಿಡಿಯಲ್ಲ ತಾನೇ? ನೋಡೇ, ಹಿಡಿಯಲ್ಲ ತಾನೇ?" ಎಂದು ನನ್ನನ್ನು ಕೇಳುತ್ತಲೇ ಇದ್ದಳು.