ಅಣ್ಣನ ಬಲಗಿವಿ

ಇವತ್ತು ಬೆಳಿಗ್ಗೆ ಸೇಫ್ಟಿಯವರು ಬಂದು ಎಲ್ಲರ ಕೈಗೂ ಹೊಸ ಕಿವಿ ಬಿರಡೆಗಳ ಪ್ಯಾಕೆಟ್ ಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಹಳದಿ ಸ್ಪಂಜಿನವು, ಪ್ಯಾಕೆಟ್ಟಿಗೆ ಎರಡು. ಹರಿದ ತಕ್ಷಣ ಚಪ್ಪಲಿ ಅಂಗಡಿಯ ವಾಸನೆ. ಒಂದನ್ನ ಬೆರಳಲ್ಲಿ ಹೊಸೆದು ಕಿವಿಗೆ ತುರುಕಿದೆ, ಇನ್ನೊಂದನ್ನ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಇಂಥ ಒಂದು ಪ್ಯಾಕೆಟ್ಟನ್ನ ಎರಡು ದಿನ ಬಾಳಿಸುತ್ತಿದ್ದ ಒಬ್ಬರೇ ಒಬ್ಬರು ನಮ್ಮ ಶೆಡ್ಡಿನಲ್ಲಿದ್ದರು. "ಕೇಳೂ ಕಿವಿ ಒಂದ ಐತಿ, ಎರಡ್ಯಾಕ ಬೇಕು?" ಅನ್ನೋರು.

ಪೀಣ್ಯದ ಈ ಶೆಡ್ಡಿನಲ್ಲಿ ನಾವಿಬ್ಬರೂ ಒಂದೇ ಲೇತ್ ಮಷೀನಿನ ಆಪರೇಟರುಗಳು. ಒಬ್ಬರದು ಬೆಳಿಗ್ಗೆ ಆರರಿಂದ ಎರಡು, ಇನ್ನೊಬ್ಬರದು ಎರಡರಿಂದ ಹತ್ತು. ಮುಂದಿನ ವಾರ ಅದಲುಬದಲು. ಹಾಗಾಗಿ ನಾನು ಅವರನ್ನ ನೋಡಿದ್ದೆಲ್ಲ ಮಧ್ಯಾಹ್ನ ಎರಡು ಗಂಟೆಗೆ, ಹತ್ತು ನಿಮಿಷ, ಮಷೀನು ಒಪ್ಪಿಸುವಾಗ. ವಯಸ್ಸಿನಲ್ಲಿ ನಮ್ಮಪ್ಪನ ಜೊತೆಯವರು, ಆದರೆ ಇಡೀ ಶೆಡ್ಡಿಗೆ ಅವರು ಅಣ್ಣ. ಬಾಗಲಕೋಟೆ ಕಡೆಯವರು. ಎಡಗಿವಿಯನ್ನ ಯಾವ ಕಾಲದಲ್ಲೋ ಒಂದು ಪವರ್ ಪ್ರೆಸ್ಸಿನ ಸದ್ದು ತಿಂದುಹಾಕಿತ್ತು.

ಮಷೀನು ಒಪ್ಪಿಸುವುದಕ್ಕೆ ನಮ್ಮಲ್ಲೊಂದು ರಿಜಿಸ್ಟರ್ ಇದೆ. 'ಮಷೀನಿನ ಸ್ಥಿತಿ' ಅನ್ನೋ ಕಡೆ ಎಲ್ಲರೂ ಬರೆಯೋದು ಒಂದೇ ಮಾತು: ಓಕೆ. ಬೆಲ್ಟು ಹರಿದು ನೇತಾಡುತ್ತಿದ್ದರೂ ಓಕೆ. ಅಣ್ಣ ಮಾತ್ರ ಓಕೆಗೆ ಸಹಿ ಹಾಕುತ್ತಿರಲಿಲ್ಲ. "ಓಕೆ ಅಂದ್ರ ಏನ್ ತಿಳೀತೈತೋ ತಮ್ಮಾ? ಹ್ಯಾಂಗ ಸಪ್ಪಳ ಮಾಡ್ತು, ಮಾಡಿ ತೋರ್ಸು" ಅಂತ ಬಲಗಿವಿಯ ಬಿರಡೆ ತೆಗೆದು ಬಗ್ಗೋರು.

ನನ್ನಂಥವನಿಗೆ ಇಷ್ಟು ಸಾಕಲ್ಲ. ನಾನು ಹುಟ್ಟಾ ಮಿಮಿಕ್ರಿ ಗಿರಾಕಿ. ಸೂಪರ್‌ವೈಸರ್ ಮೂಗಲ್ಲಿ "ಟಾರ್ಗೆಟ್ ಏನಾಯ್ತಪ್ಪಾ" ಅನ್ನೋದು, ಎಚ್ಚಾರ್ ಮೇಡಂ ಕನ್ನಡವನ್ನ ಇಂಗ್ಲಿಷಿನ ಥರ ಕಚ್ಚಿ ಕಚ್ಚಿ ಆಡೋದು, ಪ್ಯಾಕಿಂಗ್ ಅಕ್ಕ ಫೋನಲ್ಲಿ ಗಂಡನಿಗೆ ಬೈಯುತ್ತ ಅದರ ಮಧ್ಯೆ ಊಟ ಆಯ್ತಾ ಅಂತ ಕೇಳೋದು, ಯಾರನ್ನೂ ಬಿಟ್ಟಿರಲಿಲ್ಲ. ಈಗ ಮಷೀನಿನದೂ ಶುರುವಾಯ್ತು. ಅಣ್ಣನ ಬಲಗಿವಿ ಹತ್ತಿರ ಬಾಯಿಟ್ಟು "ಗೂಂ... ಟಿಕ್... ಗೂಂ" ಅಂದರೆ, ಅವರು ಕಣ್ಣು ಮುಚ್ಚಿ ಕೇಳಿ, "ಹಿಂದಿನ ಬೇರಿಂಗ್ ಹೋಗಾಕತ್ತೈತಿ" ಅನ್ನೋರು. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು. ನನ್ನ ಬಾಯಿ ಒಂದು ಮಷೀನು ಉಳಿಸಿತು ಅಂತ ನಾನು ಒಂದು ವಾರ ಕಾಲರ್ ಎತ್ತಿಕೊಂಡು ಓಡಾಡಿದ್ದೆ.

ಇಷ್ಟೆಲ್ಲ ನಗಿಸುತ್ತಿದ್ದ ಕಾಲದಲ್ಲೇ ನನ್ನೊಳಗೆ ಏನೋ ನಿಂತುಹೋಗಿತ್ತು... ಯಾವತ್ತು ಶುರುವಾಯ್ತೋ ನೆನಪಿಲ್ಲ. ನಿದ್ದೆ ಹೋಯ್ತು, ಆಮೇಲೆ ಹಸಿವು. ಹಲ್ಲುಜ್ಜೋದು ಬೆಟ್ಟ ಹತ್ತಿದ ಹಾಗೆ ಅನ್ನಿಸುತ್ತಿತ್ತು. ಕಾರಣ ಕೇಳಿದರೆ ಹೇಳೋಕೆ ನನ್ನ ಹತ್ತಿರ ಒಂದು ಪ್ರೇಮಭಂಗವೂ ಇರಲಿಲ್ಲ, ಅದೇ ದೊಡ್ಡ ನಾಚಿಕೆ. ದಾಸರಹಳ್ಳಿಯ ಮನೆಯಲ್ಲಿ ಅಮ್ಮ ಮುಖ ನೋಡಿದರೆ ಎಚ್ಚಾರ್ ಮೇಡಂ ಆಗುತ್ತಿದ್ದೆ. ಅಮ್ಮ ನಗುತ್ತಿದ್ದಳು. ಬಚಾವಾದೆ ಅಂದುಕೊಂಡು ಇನ್ನಷ್ಟು ಒಳಗೆ ಹೋಗುತ್ತಿದ್ದೆ. ಬೇರೆಯವರ ದನಿಯಲ್ಲಿ ಇಡೀ ದಿನ ಮಾತಾಡಿದರೆ ನನ್ನ ಮಾತು ಯಾರೂ ಕೇಳೋದಿಲ್ಲ ಅನ್ನೋದು ನನ್ನ ಲೆಕ್ಕಾಚಾರ.

ಒಂದು ಮಧ್ಯಾಹ್ನ ಎರಡು ಗಂಟೆ. ಮಷೀನಿನ ಸಪ್ಪಳವೆಲ್ಲ ಮಾಡಿ ತೋರಿಸಿಯಾಗಿತ್ತು. ಅಣ್ಣ ಸಹಿ ಹಾಕದೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಮಷೀನಿಂದು ಆತು. ನಿಂದು ಹೇಳು."

ನಾನು ಮೂಗಲ್ಲಿ "ಟಾರ್ಗೆಟ್ ಏನಾಯ್ತಪ್ಪಾ" ಅಂದೆ.

"ಅದು ಸೂಪರ್‌ವೈಸರ್ ಸಪ್ಪಳ. ನಾ ನಿಂದ್ ಕೇಳೀನಿ."

ನನ್ನದು ಮಾಡೋಣ ಅಂತ ಬಾಯಿ ತೆರೆದೆ. ಬರಲಿಲ್ಲ. ಇಷ್ಟು ಜನರದು ಬರುತ್ತೆ, ನನ್ನದೇ ಸ್ಟಾಕಿಲ್ಲ. ಆಮೇಲೆ ಹೇಗೋ, ಯಾರಿಗೂ ಕೇಳಬಾರದು ಅಂತ ಅವರ ಬಲಗಿವಿಗೆ ಬಾಯಿ ಹಚ್ಚಿ ಮೆತ್ತಗೆ ಹೇಳಿದೆ. ಅಣ್ಣ ಹುಬ್ಬು ಗಂಟಿಕ್ಕಿ, "ಏನಂದಿ? ಜೋರಾಗಿ ಹೇಳು" ಅಂದರು. ಇನ್ನೊಂದು ಸಲ ಹೇಳಿದೆ. "ಕೇಳ್ಸವಲ್ದು ತಮ್ಮಾ." ನನಗೆ ಸಿಟ್ಟೇ ಬಂತು. ಉಸಿರೆಳೆದು ಕೂಗಿಬಿಟ್ಟೆ.

"ಬದುಕೋದೇ ಬೇಡ ಅನ್ನಿಸ್ತಿದೆ ಅಣ್ಣ!"

ಶಿಫ್ಟ್ ಬದಲಾಗುವ ಹೊತ್ತು, ಎಲ್ಲ ಮಷೀನುಗಳೂ ನಿಂತಿದ್ದವು. ಶೆಡ್ಡಿನಲ್ಲಿ ಸದ್ದು ಮಾಡುತ್ತಿದ್ದದ್ದು ಏರ್ ಕಂಪ್ರೆಸರ್ ಒಂದೇ. ಗಾಳಿ ತುಂಬಿದರೆ ಅದು ತಾನಾಗೇ ಆಫ್ ಆಗುತ್ತೆ. ಸರಿಯಾಗಿ ನಾನು ಬಾಯಿ ತೆರೆದಾಗಲೇ ಅದರ ಗಾಳಿ ತುಂಬಬೇಕೆ... ಮೂವತ್ತು ಜನ ತಿರುಗಿ ನೋಡಿದರು. ಪ್ಯಾಕಿಂಗ್ ಅಕ್ಕನ ಕೈಲಿದ್ದ ಟೇಪು ಅರ್ಧಕ್ಕೇ ನಿಂತಿತು. ಯಾರದೋ ಮಿಮಿಕ್ರಿ ಅಂತ ಒಬ್ಬ ನಕ್ಕ.

ಅಣ್ಣ ಮಾತ್ರ ಬೇರಿಂಗ್ ಹೋಗಿದೆ ಅಂತ ಕೇಳಿದಷ್ಟೇ ಶಾಂತವಾಗಿ ತಲೆ ಆಡಿಸಿದರು. ನನ್ನನ್ನ ಸ್ಟೂಲಿನ ಮೇಲೆ ಕೂರಿಸಿ, ಮೂವತ್ತೂ ಜನಕ್ಕೆ ಕೇಳೋ ಹಾಗೆ ಹೇಳಿದರು: "ನಾನೂ ಒಂದ್ ವರ್ಷ ಹಿಂಗ ಇದ್ದೆ. ಡಾಕ್ಟರ್ ಕಡೆ ಹೋದೆ, ಗುಳಿಗಿ ತಗೊಂಡೆ. ಇನ್ನೂ ಒಂದ್ ತಗೋತೀನಿ. ನೀ ಇವತ್ತು ಒಬ್ಬನ ಹೋಗಂಗಿಲ್ಲ."

ಒಬ್ಬನೇ ಹೋಗಲೂ ಇಲ್ಲ. ನನ್ನನ್ನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು ಅಂದುಕೊಂಡಿರಿ? ಸೂಪರ್‌ವೈಸರ್. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಹಿಂದೆ ತಿರುಗದೆ, ಅದೇ ಮೂಗಲ್ಲಿ, "ನಂಗೂ ಹೋದ ವರ್ಷ ಆಗಿತ್ತು ಕಣೋ. ಮನೇಲೂ ಹೇಳಿಲ್ಲ" ಅಂದರು. ಆ ಮೂಗಿನ ದನಿ ಕೇಳಿ ಮೊದಲ ಸಲ ನನಗೆ ನಗು ಬರಲಿಲ್ಲ. ಡಾಕ್ಟರ ಮುಂದೆ ಹೆದರಿ ಮತ್ತೆ ಎಚ್ಚಾರ್ ಮೇಡಂ ಆಗಿಬಿಡ್ತೀನೇನೋ ಅಂದುಕೊಂಡಿದ್ದೆ, ಆಗಲಿಲ್ಲ. ಒಂದು ಸಲ ಕೂಗಿ ಆಗಿತ್ತಲ್ಲ, ಎರಡನೇ ಸಲ ಸಲೀಸು. ಸಂಜೆ ಅಮ್ಮನಿಗೆ ಹೇಳಿದ್ದು ಮೂರನೇ ಸಲ. ಅವಳು ಅತ್ತಳು, ಆಮೇಲೆ ಮುದ್ದೆ ಬಡಿಸಿ ಎದುರಿಗೇ ಕೂತಳು. ತಿಂದೆ.

ಒಂದೇ ದಿನಕ್ಕೆ ಏನೂ ಆಗಲಿಲ್ಲ. ಮಾತ್ರೆ, ಡಾಕ್ಟರ ಜೊತೆ ಮಾತು, ಮತ್ತೆ ಮಾತು, ತಿಂಗಳುಗಟ್ಟಲೆ. ಆದರೆ ಶೆಡ್ಡು ಮಾತ್ರ ಮರುದಿನವೇ ಬದಲಾಗಿತ್ತು. ಪ್ಯಾಕಿಂಗ್ ಅಕ್ಕ ಬಂದು ತನ್ನದು ಹೇಳಿದಳು, ನಕ್ಕಿದ್ದವನು ಬಂದು ಅವನದು. ಎರಡು ಗಂಟೆಗೆ ರಿಜಿಸ್ಟರ್ ಹಿಡಿದವರು "ಓಕೆ" ಅಂದರೆ, "ಯಾವ ಓಕೆ?" ಅಂತ ಕೇಳೋದು ನಮ್ಮಲ್ಲಿ ಮಾಮೂಲಾಯ್ತು. ನಿದ್ದೆ ಬಂದ ಮೊದಲ ದಿನ ನಾನು ಅಣ್ಣನಿಗೆ ಗೊರಕೆಯನ್ನೇ ಮಾಡಿ ತೋರಿಸಿದೆ. "ಇದು ಚಲೋ ಸಪ್ಪಳ" ಅಂತ ಸಹಿ ಹಾಕಿದರು.

ಒಂದು ಅನುಮಾನ ಮಾತ್ರ ನನ್ನನ್ನ ಬಿಡಲಿಲ್ಲ. ಅವತ್ತು ನಾನು ಪಿಸುಗುಟ್ಟಿದ್ದು ಬಲಗಿವಿಗೆ. ಬಿರಡೆಯನ್ನೂ ತೆಗೆದಿದ್ದರು. ಬೇರಿಂಗಿನ ಸಣ್ಣ ಟಿಕ್ ಕೇಳಿಸುವ ಕಿವಿಗೆ ನನ್ನ ಮಾತು ಕೇಳಿಸಲಿಲ್ಲವೆ? ಅವರು ರಿಟೈರಾದ ದಿನ, ಹಾರ ಹಾಕಿಸಿಕೊಂಡು ಕೂತಿದ್ದಾಗ, ಬಗ್ಗಿ ಕೇಳಿಯೇಬಿಟ್ಟೆ: "ಅಣ್ಣ, ಅವತ್ತು ಮೊದಲನೇ ಸಲಕ್ಕೇ ಕೇಳಿಸಿತ್ತು ಅಲ್ವಾ?"

ಅಣ್ಣ ಹುಬ್ಬು ಗಂಟಿಕ್ಕಿದರು. "ಏನಂದಿ? ಜೋರಾಗಿ ಹೇಳು."

ಹೋದ ತಿಂಗಳು ಅವರ ಮಗ ಫೋನ್ ಮಾಡಿದ. ಮಲಗಿದ್ದಲ್ಲೇ ಹೋದರಂತೆ... ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮೊದಲಿನ ನಾನಾಗಿದ್ದರೆ ಏನಾದರೊಂದು ತಮಾಷೆ ಮಾಡಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. "ಅಣ್ಣ ಹೋಗ್ಬಿಟ್ರು. ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ" ಅಂದೆ. ನನ್ನ ದನಿ ಸ್ವಲ್ಪ ಕೀರಲು, ಮಿಮಿಕ್ರಿ ಮಾಡೋಕೆ ಅಂಥ ಮಜಾ ಇಲ್ಲ. ಬೆಂಚಿನ ಮೇಲಿದ್ದ ಸೂಪರ್‌ವೈಸರ್ ಅತ್ತ ಸರಿದು ಜಾಗ ಮಾಡಿದರು. ಪ್ಯಾಕಿಂಗ್ ಅಕ್ಕ ತಟ್ಟೆ ಇಸ್ಕೊಂಡಳು. ಎಲ್ಲರ ಮಧ್ಯೆ ಕೂತು, ಸಾಕು ಅನ್ನಿಸುವವರೆಗೆ ಅತ್ತೆ. ಆಮೇಲೆ ಅನ್ನ ಆರಿದೆ ಅಂತ ಅಕ್ಕ ಬಿಸಿ ಸಾರು ಹಾಕಿಸಿಕೊಂಡು ಬಂದಳು, ಊಟ ಮಾಡಿದೆ.