ಮಾಳಿಗೆಯ ಮಣ್ಣಿನಲ್ಲಿ ಒಂದು ಬಳೆಚೂರು

ಆಗ ನಮ್ಮೂರು ಡೋಣಿಯಲ್ಲಿ ಮಾಳಿಗೆ, ಅಂದರೆ ಮನೆಯ ಚಾವಣಿ, ಮಣ್ಣಿನದೇ. ತೊಲೆ, ಜಂತಿ, ಬೇವಿನ ತಪ್ಪಲು, ಅದರ ಮೇಲೆ ಹಾಳಮಣ್ಣು. ಪ್ರತಿ ಬೇಸಿಗೆ, ರೋಹಿಣಿ ಮಳೆಗೆ ಮುಂಚೆ, ಹೊಸ ಮಣ್ಣು ಹೊದಿಸದಿದ್ದರೆ ಮನೆ ಸೋರುತ್ತಿತ್ತು. ಆ ಮಣ್ಣು ಬರುತ್ತಿದ್ದುದು ಹಳ್ಳದಾಚೆಯ ಹಾಳೂರಿನಿಂದ, ಯಾವ ಕಾಲದಲ್ಲೋ ಜನ ಬಿಟ್ಟುಹೋದ ಊರಿನ ದಿಬ್ಬದಿಂದ. ಅಂಗಳದಲ್ಲಿ ಸುರಿದ ಕೂಡಲೇ ಬೂದಿಯಂಥ ಒಣ ವಾಸನೆ ಏಳುತ್ತಿತ್ತು. ಮಾಳಿಗೆಗೆ ಹರಡಿದ ಮೇಲೆ ಅದನ್ನು ತುಳಿದು ಗಟ್ಟಿ ಮಾಡುವ ಕೆಲಸ ಮಕ್ಕಳದು. ತುಳಿದವರಿಗೆ ಸಂಜೆ ತಿನ್ನಲು ಗಿರಮಿಟ್ಟು, ಮಿರ್ಚಿ.

ಕೆಲವು ವರ್ಷಕ್ಕೊಮ್ಮೆ ಹಳೆಯ ಮಣ್ಣನ್ನು ಹೆರೆದು ತೆಗೆಯುವುದು ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಆಯಿ, ಅಂದರೆ ಅಪ್ಪನ ತಾಯಿ, ಅದಕ್ಕೆ ಒಪ್ಪುತ್ತಿರಲಿಲ್ಲ. ಮಣ್ಣಿನ ಮೇಲೆ ಮಣ್ಣು ಬೀಳುತ್ತಲೇ ಹೋಯಿತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಅಪ್ಪನ ತಂಗಿ ಶಾಂತಾ ಹುಡುಗಿಯಾಗಿದ್ದಾಗ ಮಾಳಿಗೆ ತುಳಿಯುತ್ತ ಜಾರಿ ಬಿದ್ದು, ಹೊಸ ಹಸಿರು ಬಳೆ ಒಡೆದುಕೊಂಡಿದ್ದಳಂತೆ. ಅದೇ ವರ್ಷ ಜ್ವರ ಬಂದು ತೀರಿಹೋದಳು. ಫೋಟೊ ಇಲ್ಲ, ಅಂಗಿಯೂ ಉಳಿದಿಲ್ಲ. ಆ ಚೂರುಗಳಷ್ಟೇ ಮೇಲೆ ಎಲ್ಲೋ ಹುದುಗಿದ್ದವು.

ನಾನು ಸಣ್ಣವಳಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ, ನಾವು ಉಣ್ಣುತ್ತಿದ್ದಾಗ, ನಡುಮನೆಯ ತೊಲೆ ಲಟಕ್ಕೆಂದಿತು. ಪಕ್ಕದ ಮನೆಯ ಈರಪ್ಪಕಾಕಾ ಬಂದು ಕತ್ತೆತ್ತಿ ನೋಡಿದ.

"ಯವ್ವಾ, ಈ ತೊಲಿ ಸೊಂಟ ಹಿಡಕೊಂಡೈತಿ. ಇನ್ನೊಂದು ಬುಟ್ಟಿ ಹೇರಿದ್ರ ಎಲ್ಲಾರೂ ಇಲ್ಲೇ ಸಮಾಧಿ ನೋಡ್ರಿ."

"ನಿನ್ನ ಬಾಯಾಗ ಆ ಮಣ್ಣ ಹಾಕ!" ಎಂದಳು ಆಯಿ.

ಅಪ್ಪ ತಗ್ಗಿದ ದನಿಯಲ್ಲಿ, "ಅವ್ವಾ, ಕೆಳಗ ಹುಡುಗ್ರು ಮಲಗತಾವು," ಎಂದ. ಆಯಿ ತೊಲೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದಳು. ಆಮೇಲೆ, "ಆತು. ಹಗುರಕ ತಗೀರಿ. ನಾ ಮ್ಯಾಲ ಕುಂಡ್ರತೀನಿ," ಎಂದು ಸೆರಗು ಹೊದ್ದು ಏಣಿ ಹತ್ತಿದಳು.

ಗುದ್ದಲಿ ಕಡಿದ ಅಂಚಿನಲ್ಲಿ ಪದರಗಳು ಎದ್ದು ಕಂಡವು. ಬೂದು ಪಟ್ಟಿ, ನಡುವೆ ಒಲೆಯ ಮಸಿಯ ಕಪ್ಪು ಗೆರೆ, ಮತ್ತೆ ಬೂದು. ಮೇಲಿನವುಗಳಲ್ಲಿ ಬ್ಲೇಡು, ಪ್ಲಾಸ್ಟಿಕ್ ಚೂರು. ಕೆಳಗೆ ಅವೇನೂ ಇಲ್ಲ. ಮುಂದೆ ಧಾರವಾಡದಲ್ಲಿ ಭೂವಿಜ್ಞಾನ ಓದುವಾಗ, ಪ್ಲಾಸ್ಟಿಕ್, ಸಿಮೆಂಟು, ಹೊಗೆಯ ಮಸಿ ಸೇರಿ ಭೂಮಿಯ ಮೇಲೆ ಮನುಷ್ಯನದೇ ಒಂದು ಪದರವಾಗುತ್ತಿದೆ ಎಂದು ಕೇಳಿದೆ. ನನ್ನ ಕಣ್ಣ ಮುಂದೆ ಬಂದದ್ದು ಮಾಳಿಗೆಯ ಆ ಅಂಚು. ಅಥವಾ ಪಾಠ ಕೇಳಿದ ಮೇಲೆಯೇ ಆ ಪಟ್ಟಿಗಳು ನನ್ನ ನೆನಪಿನಲ್ಲಿ ಇಷ್ಟು ನೇರವಾದವೋ, ಖಾತ್ರಿಯಿಲ್ಲ.

ತೊಲೆಯ ಮೇಲಿನ, ಎಲ್ಲಕ್ಕೂ ಕೆಳಗಿನ ಪದರದಲ್ಲಿ ನನ್ನ ಬೆರಳಿಗೆ ಬಳೆಚೂರು ಸಿಕ್ಕಿತು. ಹಸಿರು ಎಂದು ಬರೆಯುತ್ತಿದ್ದೇನೆ. ನೀಲಿಯಿತ್ತು ಎನ್ನುತ್ತಾನೆ ತಮ್ಮ. ಆಯಿ ಅದನ್ನು ಸೆರಗಿನಿಂದ ಒರೆಸಿ, ಅಂಗೈಯಲ್ಲಿಟ್ಟುಕೊಂಡಳು. ಅಪ್ಪ ಗುದ್ದಲಿ ಕೆಳಗಿಟ್ಟ.

ಸಂಜೆ ಮಣ್ಣು ಹೇರುವ ಬಂಡಿಯ ಹತ್ತಿರ ಈರಪ್ಪಕಾಕಾ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಂಥಾ ಬಳಿಚೂರು ಹಾಳೂರಾಗ ಬೊಗಸಿಗಟ್ಲೆ ಅದಾವಲೇ. ಮಣ್ಣಿನ ಕೂಡನ ಬಂದಿರತೈತಿ. ಅವ್ವಗ ಹೇಳಬ್ಯಾಡ."

ನನಗೆ ಗಿರಮಿಟ್ಟು ಸೇರಲಿಲ್ಲ. ಆಯಿಯ ಪಕ್ಕ ಕೂತು ತಡೆಯಲಾರದೆ ಕೇಳಿಬಿಟ್ಟೆ, "ಆಯೀ, ಇದು ಶಾಂತತ್ತಿದು ಅಲ್ದಿದ್ರ?"

ಆಯಿ ನಕ್ಕಳು. "ಈರಪ್ಪ ಅಂದ್ನೇನು? ಶಾಣ್ಯಾ ಅದಾನ. ಲೇ ಹುಚ್ಚಿ, ಹಾಳೂರಿಂದ ವರ್ಷಾ ವರ್ಷಾ ಬುಟ್ಟಿ ಹೊತ್ತಾಕಿ ನಾ. ನನಗ ಗೊತ್ತಿಲ್ಲೇನು?"

"ಮತ್ತ?"

"ಆಕಿದೂ ಇದ್ರಾಗನ ಕೂಡೇತಿ. ಯಾವ್ದು ಯಾರ್ದು ಅಂತ ಹೆಂಗ ಆರಿಸ್ಲಿ? ಆ ಊರಾಗೂ ಹಡದಾಕಿ ಒಬ್ಬಾಕಿ ಇದ್ದಿರತಾಳ. ಇದು ಆಕಿ ಮಗಳ್ದ ಇರಲಿ ತಗೋ."

ಮರುದಿನ ಹೊಸ ಮಣ್ಣು ಹೊದಿಸುವಾಗ ಆ ಚೂರನ್ನು ಆಯಿ ತಾನೇ ಹೆಬ್ಬೆರಳಿನಿಂದ ಒತ್ತಿ ಹುದುಗಿಸಿದಳು. ಆಮೇಲೆ ನನಗೆ, "ತುಳಿ," ಎಂದಳು. ತುಳಿದೆ.

ಮುಂದೆ ಆಯಿ ತೀರಿಹೋದಳು. ಆ ಮನೆ ಕೆಡವಿ ಸ್ಲ್ಯಾಬು ಹಾಕಿದೆವು. ಮಾಳಿಗೆಯ ಮಣ್ಣನ್ನು ಟ್ರ್ಯಾಕ್ಟರಿನವರು ಯಾವುದೋ ರಸ್ತೆಯ ತಗ್ಗು ತುಂಬಲು ಒಯ್ದರು. ಯಾವ ರಸ್ತೆಯೆಂದು ಕೇಳಬೇಕೆಂದು ಅಂದು ನನಗೂ ಹೊಳೆಯಲಿಲ್ಲ.

ಈಗ ನಾನಿರುವುದು ಗದಗಿನಲ್ಲಿ. ಮೊನ್ನೆ ಮಗಳು ತಾರಸಿಯ ಮೇಲೆ ಓಡಿ ಬಿದ್ದು ಗಾಜಿನ ಬಳೆ ಒಡೆದುಕೊಂಡಳು. ಕಾಲಿಗೆ ಚುಚ್ಚೀತೆಂದು ಚೂರುಗಳನ್ನೆಲ್ಲ ಗುಡಿಸಿ ಕಸದ ಚೀಲಕ್ಕೆ ಹಾಕಿದೆ. ಚೀಲದ ಬಾಯಿ ಕಟ್ಟುವಾಗ ಕೈ ನಿಂತಿತು. ಒಂದು ಚೂರನ್ನು ಆರಿಸಿಕೊಂಡು ಸುತ್ತಲೂ ನೋಡಿದೆ. ಒತ್ತಿಡಲು ತಾರಸಿಯಲ್ಲೆಲ್ಲೂ ಒಂದು ಹಿಡಿ ಮಣ್ಣಿರಲಿಲ್ಲ.