ಹೆಬ್ಬಾಗಿಲ ಕಲ್ಲು ಬಡಿದು ಕೇಳುವ ಸೆಲ್ವಿನ್

ಬೆಳಗಿನ ಐದೂವರೆ. ಸೇಂಟ್ ಆಸ್ವಿನ್ ಕಾಲೇಜಿನ ಹೆಬ್ಬಾಗಿಲ ಮುಂದೆ, ಗಾಲಿ ಸಾರುವೆಯ ಹಲಗೆ ಮೇಲೆ ಮಂಡಿಯೂರಿರುವ ಸೆಲ್ವಿನ್ ಥ್ರಪ್ ಮರದ ಕೊಡತಿಯಿಂದ ಗೋಡೆ ಬಡಿಯುತ್ತಿದ್ದಾರೆ. ಠಣ್. ಠಣ್. ಕಮಾನಿನ ನೆತ್ತಿಯಲ್ಲಿ ಗುರಾಣಿ ಕೆತ್ತಿದ ಕಲ್ಲಿಗೆ ಬಂದಾಗ ದಬ್ ಅನ್ನುತ್ತದೆ. ಇನ್ನೊಮ್ಮೆ ಬಡಿಯುತ್ತಾರೆ. ಮತ್ತೆ ದಬ್. ಗಟ್ಟಿ ಕಲ್ಲು ಹೀಗೆ ಕೂಗುವುದಿಲ್ಲ.

ಹತ್ತಕ್ಕೆ ಪದವಿ ಮೆರವಣಿಗೆ. ಇನ್ನೂರು ವಿದ್ಯಾರ್ಥಿಗಳು ಕಪ್ಪು ನಿಲುವಂಗಿ ತೊಟ್ಟು ಇದೇ ಬಾಗಿಲಿಂದ ಹೊರಡಬೇಕು. ಯುದ್ಧಕಾಲದಲ್ಲೂ ಮೆರವಣಿಗೆಯ ದಿನ ಇದನ್ನು ಮುಚ್ಚಿರಲಿಲ್ಲವಂತೆ.

ಸೆಲ್ವಿನ್‌ಗೆ ಅರವತ್ತನಾಲ್ಕು. ಹದಿನಾರಕ್ಕೇ ಉಳಿ ಹಿಡಿದ ಕಲ್ಲುಕುಟಿಗ. ಈ ಗೋಡೆಗಳಿಗೇ ಮೂವತ್ತೊಂದು ವರ್ಷ ಸವೆಸಿದ್ದಾರೆ. ದಿನಕ್ಕೆ ನಾನೂರು ಕಲ್ಲು ಬಡಿದು ಕೇಳುತ್ತಾರೆ. ಗೋಪುರದ ನೂರ ನಲವತ್ತು ಮೆಟ್ಟಿಲು ಮೂರು ಸಲ ಹತ್ತಿಳಿಯುತ್ತಾರೆ. ಚಳಿಗಾಲದಲ್ಲಿ ಎಡಗೈಯ ಎರಡು ಬೆರಳು ಮಡಚುವುದೇ ಇಲ್ಲ. ಪ್ರವಾಸಿಗರು ಇಲ್ಲಿ ತೆಗೆಯುವ ಫೋಟೊಗಳಿಗೆ ಲೆಕ್ಕವಿಲ್ಲ, ಒಂದರಲ್ಲಾದರೂ ಈ ಮನುಷ್ಯ ಇದ್ದರೆ ಕೇಳಿ!

"ಏನಯ್ಯಾ, ಇವತ್ತೂ ಗೋಡೆ ಜೊತೆ ಹರಟೆನಾ?" ಕೆಳಗಿನಿಂದ, ಕಾಲೇಜಿನ ಬಾಗಿಲು ಕಾಯುವ ಹೆಡ್ ಪೋರ್ಟರ್ ಐವರ್ ಕಿಚಾಯಿಸುತ್ತಾರೆ.

"ಬಾಗಿಲು ಹಾಕು ಐವರ್."

"ತಲೆಗಿಲೆ ಕೆಟ್ಟಿದೆಯೇನೋ ನಿಂಗೆ? ಇವತ್ತು ಯಾವ ದಿನ ಗೊತ್ತಾ?"

ಸುದ್ದಿ ತಿಳಿದು ಎಂಟಕ್ಕೆ ಆಡಳಿತಾಧಿಕಾರಿ ಮಿಸೆಸ್ ಕ್ರಾನ್‌ಶಾ ದುಡುದುಡು ಬರುತ್ತಾರೆ, ಕೈಯಲ್ಲಿ ಎಂಜಿನಿಯರ್ ವರದಿ. "ಮಾರ್ಚ್‌ನಲ್ಲೇ ಪರೀಕ್ಷೆ ಆಗಿದೆ ಥ್ರಪ್, ಗೋಡೆ ಭದ್ರ ಅಂತ ಬರೆದಿದ್ದಾರೆ. ನಿಮ್ಮ ಕಿವಿ ನಂಬ್ಕೊಂಡು ಇಷ್ಟು ಜನರನ್ನ ಅಡುಗೆಮನೆ ಬಾಗಿಲಿಂದ ಕಳಿಸ್ಲಾ? ಏನಾದ್ರೂ ಆಧಾರ ಕೊಡಿ!"

ಸೆಲ್ವಿನ್ ಕೊಡತಿ ಕೆಳಗಿಡುತ್ತಾರೆ. ಆಧಾರ ಇದೆ. ಬಾಯಿಬಿಟ್ಟರೆ ಮೂವತ್ತೊಂದು ವರ್ಷ ಉಳಿಸಿಕೊಂಡ ಹೆಸರು ಮಣ್ಣುಪಾಲು.

"ಆ ಕಲ್ಲು ಇಟ್ಟಿದ್ದು ನಾನೇ ಮೇಡಂ," ಅನ್ನುತ್ತಾರೆ ಕೊನೆಗೆ. "ಇಪ್ಪತ್ತಾರು ವರ್ಷ ಆಯ್ತು. ಕಲ್ಲಿಗೆ ಪದರ ಇರುತ್ತೆ. ಗಣೀಲಿ ಹೇಗೆ ಮಲಗಿತ್ತೋ ಗೋಡೇಲೂ ಹಾಗೇ ಮಲಗಿಸ್ಬೇಕು. ಮಲಗಿಸಿದ್ರೆ ಗುರಾಣಿ ಕೆತ್ತೋಕೆ ಎತ್ತರ ಸಾಲ್ತಿರಲಿಲ್ಲ, ಬೇರೆ ಕಲ್ಲು ಬರೋವರೆಗೆ ಕಾಯೋ ತಾಳ್ಮೆ ಇರಲಿಲ್ಲ, ಎತ್ತಿ ನಿಲ್ಲಿಸ್ಬಿಟ್ಟೆ. ಪದರದ ಸಂದೀಲಿ ನೀರಿಳಿದು, ಚಳಿಗೆ ಹೆಪ್ಪುಗಟ್ಟಿ, ಮುಂಭಾಗದ ಚಕ್ಕೆ ಬಿಟ್ಕೊಂಡಿದೆ. ಇದು ಎಂಜಿನಿಯರ್‌ಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ."

ಮಿಸೆಸ್ ಕ್ರಾನ್‌ಶಾ ಒಮ್ಮೆ ಕಲ್ಲನ್ನು, ಒಮ್ಮೆ ಅವರನ್ನು ನೋಡುತ್ತಾರೆ. "ಹಾಕಿ ಬಾಗಿಲು," ಅನ್ನುತ್ತಾರೆ ಐವರ್ ಕಡೆ ತಿರುಗಿ.

ಹತ್ತಕ್ಕೆ ಮೆರವಣಿಗೆ ಅಡುಗೆಮನೆಯ ಕಸದ ಡಬ್ಬಗಳ ಪಕ್ಕದಿಂದ ಗೊಣಗುತ್ತಾ ಹೊರಡುತ್ತದೆ. ಇತ್ತ ಸೆಲ್ವಿನ್ ಸಂದಿಗೆ ತೆಳು ಉಳಿ ತೂರಿಸಿ ಮೀಟುತ್ತಾರೆ, ಅಷ್ಟೇ. ಸಿಮೆಂಟ್ ಮೂಟೆಯಷ್ಟು ಭಾರದ ಚಕ್ಕೆ ಕಳಚಿ, ಖಾಲಿ ಬಾಗಿಲ ಹಾಸುಗಲ್ಲಿಗೆ ಅಪ್ಪಳಿಸಿ ಪುಡಿಯಾಗುತ್ತದೆ. ಐವರ್ ಅಬ್ಬಾ ಅಂತ ಅಲ್ಲೇ ಕುಕ್ಕರಿಸುತ್ತಾರೆ.

ಸೆಲ್ವಿನ್ ಕೆಳಗಿಳಿದು ಬರುತ್ತಾರೆ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ. ಬರುವ ಏಪ್ರಿಲ್‌ಗೆ ನಿವೃತ್ತಿ. ಅಷ್ಟರೊಳಗೆ ಏನಾಸೆ ಎಂದು ಕೇಳಿದರೆ ಗೋಪುರದತ್ತ ಕೈ ತೋರಿಸುತ್ತಾರೆ.

"ಆ ವರ್ಷ ಅದೇ ಅವಸರದಲ್ಲಿ ಇನ್ನೂ ಹನ್ನೊಂದು ಕಲ್ಲು ಹೀಗೇ ಎತ್ತಿ ನಿಲ್ಲಿಸಿದ್ದೀನಿ. ಎಲ್ಲೆಲ್ಲಿ ಅಂತ ನಂಗೊಬ್ಬನಿಗೇ ಗೊತ್ತು. ಅಷ್ಟನ್ನೂ ನನ್ನ ಕೈಯಿಂದಲೇ ಇಳಿಸಿ ಹೋಗ್ಬೇಕು."